ಸ್ವಂತ ಇಲ್ಲೇನಾ?

ಮದುವೆಯಾಗಿ ಹೈದರಾಬಾದಿಗೆ ಬಂದ ಮೂರನೆಯ ದಿನ ಎದುರು ಫ್ಲ್ಯಾಟಿನಾಕೆ ಬಾಗಿಲು ತಟ್ಟಿದರು. ಕೈಯಲ್ಲಿ ಒಂದು ಬಟ್ಟಲು ಗೋಂಗೂರ ಪಚ್ಚಡಿ, ಮುಖದ ತುಂಬ ನಗು. "ಮೀದಿ ಸೊಂತ ಇಲ್ಲೇನಾ?" ಎಂದರು.

ನಾನು ಮೈಸೂರಿನವಳು. ತೆಲುಗಿನ ಗಂಧಗಾಳಿ ಇರಲಿಲ್ಲ. ಕಿವಿಗೆ ಬಿದ್ದದ್ದು ಅಚ್ಚ ಕನ್ನಡ: ನಿಮ್ಮದು ಅಂತ ಸ್ವಂತ ಏನೂ ಇಲ್ಲವೇನಮ್ಮಾ? ಬಂದು ಮೂರು ದಿನ ಆಗಿಲ್ಲ, ಪಚ್ಚಡಿ ಕೊಟ್ಟು ಹಂಗಿಸುವುದಾ! ನಾನೂ ಬಿಡಲಿಲ್ಲ. ಬಟ್ಟಲು ಈಸಿಕೊಂಡು, ಕತ್ತು ಕೊಂಕಿಸಿ, "ಇಲ್ಲ" ಎಂದೆ. ಅದು ಅವರ ಕಿವಿಯಲ್ಲಿ "ಇಲ್ಲು" ಆಗಿ ಇಳಿಯಿತು. ತೆಲುಗಿನಲ್ಲಿ ಇಲ್ಲು ಅಂದರೆ ಮನೆ. ಆಕೆ ಕೇಳಿದ್ದು "ನಿಮ್ಮದು ಸ್ವಂತ ಮನೆಯೇನಾ" ಅಂತ. ನಾನು "ಮನೆ" ಎಂದು ಒಪ್ಪಿಕೊಂಡ ಹಾಗಾಯಿತು. ಆಕೆಗೆ ಸಂತೋಷವೋ ಸಂತೋಷ. ಮುಂದಿನ ಭಾನುವಾರ ಅಪಾರ್ಟ್‌ಮೆಂಟಿನ ಸೆಕ್ರೆಟರಿ ರಸೀದಿ ಪುಸ್ತಕ ಹಿಡಿದು ಬಂದರು. ಬೋರ್‌ವೆಲ್ ಆಳ ಮಾಡಿಸಬೇಕು, ಓನರುಗಳದು ತಲಾ ನಾಲ್ಕು ಸಾವಿರ. ನಮ್ಮ ಯಜಮಾನರು ಬಾಡಿಗೆ ಕರಾರುಪತ್ರ ತಂದು ತೋರಿಸಿದ ಮೇಲೆಯೇ ಆತ ಜಾಗ ಖಾಲಿ ಮಾಡಿದ್ದು. ಹೋಗುವಾಗ ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ.

ಅದು 2003. ಆಮೇಲೆ ಇಪ್ಪತ್ತೊಂದು ವರ್ಷ ನಾವು ಇಲ್ಲುಗಳಲ್ಲೇ ಇದ್ದೆವು, ಸ್ವಂತದ್ದು ಮಾತ್ರ ಇಲ್ಲ. ವಿದ್ಯಾನಗರ, ನಲ್ಲಕುಂಟ, ಕೆಪಿಎಚ್‌ಬಿ, ಕೊಂಡಾಪುರ, ಮತ್ತೆ ಕೆಪಿಎಚ್‌ಬಿ, ಮಿಯಾಪುರ. ಆರು ಮನೆ, ಆರು ಅಡ್ವಾನ್ಸು. ಆರು ಸಲ ಅದೇ ಸ್ಟೀಲ್ ಬೀರುವಿನ ಕಾಲು ಮುರಿದು ಆರು ಸಲ ಅದೇ ಇಟ್ಟಿಗೆ ಇಟ್ಟಿದ್ದೇವೆ. ಆರನೆಯ ಮನೆಯ ಓನರು "ಮಗ ಅಮೆರಿಕಾದಿಂದ ಬರ್ತಿದ್ದಾನೆ" ಎಂದಾಗ ಯಜಮಾನರು ಊಟದ ತಟ್ಟೆಯ ಮುಂದೆ ಘೋಷಿಸಿದರು: "ಇನ್ನು ಸಾಕು. ತಗೊಂಡುಬಿಡೋಣ." ಏನನ್ನು, ಎಲ್ಲಿ ಎಂದು ಅವರು ಹೇಳಲಿಲ್ಲ. ಆ ಎರಡು ಸಣ್ಣ ವಿವರಗಳಿಗೆ ಎರಡು ವರ್ಷ ಹಿಡಿಯಿತು.

ಮೊದಲು ನಮ್ಮ ಮನೆಯ ಭೂಗೋಳ ಹೇಳಿಬಿಡಬೇಕು. ಯಜಮಾನರು ಬೀದರ್ ಜಿಲ್ಲೆಯವರು. ಭಾಲ್ಕಿ ತಾಲ್ಲೂಕು, ಮಂಜೀರಾ ನದಿಗೆ ಹತ್ತಿರದ ಊರು. ಬೆಂಗಳೂರಿನ ಒಂದು ಆಫೀಸಿನಲ್ಲಿ ನಮಗಿಬ್ಬರಿಗೂ ಪರಿಚಯ. ನನ್ನ ಜೊತೆ "ಹೋಗೋಣ" ಎನ್ನುವ ಮನುಷ್ಯ ಫೋನಿನಲ್ಲಿ ಅಪ್ಪನಿಗೆ "ಹೋಗಮು" ಎನ್ನುತ್ತಿದ್ದದ್ದು ಕೇಳಿ, ಇವರಿಗೆ ಎರಡು ನಾಲಿಗೆ ಇದೆ ಎಂದು ಗೊತ್ತಿದ್ದೂ ಒಪ್ಪಿಕೊಂಡೆ. ಅತ್ತೆ ತೀರಿಕೊಂಡ ಮೇಲೆ ಮಾವ ನಮ್ಮ ಜೊತೆಗೇ ಇದ್ದಾರೆ. ವಯಸ್ಸು ತೊಂಬತ್ತರ ಹತ್ತಿರ. ನಿಜಾಮರ ಕಾಲದಲ್ಲಿ ಆರನೇ ಇಯತ್ತೆವರೆಗೆ ಉರ್ದುವಿನಲ್ಲೇ ಓದಿದವರು. ಮಗಳು ಇಲ್ಲೇ ಹುಟ್ಟಿ ಇಲ್ಲೇ ಇಂಟರ್ ಓದುವವಳು. ಅವಳ ಕನ್ನಡದಲ್ಲಿ ತೆಲುಗು, ದಖನಿ, ಇಂಗ್ಲಿಷು ಎಲ್ಲ ಬಾಡಿಗೆಗಿವೆ. ಕನ್ನಡದ್ದು ಸ್ವಂತ ಇಲ್ಲು.

ಮಾವನವರ ಮುಂದೆ "ನಾವು ಹೊರನಾಡಿನವರು" ಎಂದರೆ ಕೆಂಡವಾಗುತ್ತಾರೆ. ಒಮ್ಮೆ ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಕಾರ್ಯಕ್ರಮದಲ್ಲಿ ಯಾರೋ ಭಾಷಣಕಾರರು "ಹೊರನಾಡ ಕನ್ನಡಿಗರೇ" ಎಂದು ಶುರು ಮಾಡಿದ್ದಕ್ಕೆ ಮುಂದಿನ ಸಾಲಿನಿಂದಲೇ ಕೇಳಿದರು: "ಯಾವಾಗಿನಿಂದ ಹೊರಗ ಹಾಕೀರಿ ನಮಗ?" ಮನೆಗೆ ಬರುವ ದಾರಿಯುದ್ದಕ್ಕೂ ನನಗೆ ಪಾಠ. "ನೋಡ ಯವ್ವಾ, 1956ರಾಗ ನಂಗ ಇಪ್ಪತ್ತ ವರ್ಷ. ಅಕ್ಟೋಬರ್ 31ಕ್ಕ ರಾತ್ರಿ ಮಲಗೋದ್ರಾಗ ನಮ್ಮ ರಾಜಧಾನಿ ಹೈದರಾಬಾದ್. ಬೆಳಿಗ್ಗಿ ಎದ್ದು ನೋಡಿದ್ರ ಬೆಂಗಳೂರ ಅಂದ್ರು. ಅಷ್ಟು ದೂರ ಯಾರ ಹೋಗ್ಬೇಕಪ್ಪ ಅಂತ ಮತ್ತ ಮಲಗಿದೆ." 1941ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಇದೇ ಹೈದರಾಬಾದಿನಲ್ಲಿ ಆಗಿದ್ದು, ಎ.ಆರ್. ಕೃಷ್ಣಶಾಸ್ತ್ರಿಗಳು ಅಧ್ಯಕ್ಷರಾಗಿದ್ದು ಅವರ ಕೊನೆಯ ಬಾಣ. "ನಿಮ್ಮ ಮೈಸೂರು ಮಂದಿನೇ ಇಲ್ಲಿಗಿ ಬಂದು ಕುರ್ಚಿ ಮ್ಯಾಲ ಕುಂತಾರ. ನಾವ್ ಹೊರಗಿನವರಾ?"

ಹೀಗೆ ಒಬ್ಬರಿಗೆ ರಾಜಧಾನಿ, ಒಬ್ಬಳಿಗೆ ಪರಸ್ಥಳ, ಒಬ್ಬಳಿಗೆ ತವರು, ಒಬ್ಬರಿಗೆ ಆಫೀಸು. ನಾಲ್ಕು ಜನ ಸೇರಿ ಒಂದು ಮನೆ ಹುಡುಕಬೇಕು.

ಮೊದಲ ಜಗಳ ಅಳತೆಯದು. ಮೈಸೂರಿನಲ್ಲಿ ಸೈಟು ಅಂದರೆ ಮೂವತ್ತು ನಲವತ್ತು, ಇಪ್ಪತ್ತು ಮೂವತ್ತು. ಕಟ್ಟಡವಾದರೆ ಚದರ. ಹನ್ನೆರಡು ಚದರದ ಮನೆ ಅಂದರೆ ಕಣ್ಣು ಮುಚ್ಚಿದರೂ ಹಾಲು, ಅಡುಗೆಮನೆ, ಹಿತ್ತಿಲ ನಲ್ಲಿ ಕಾಣುತ್ತವೆ. ಹೈದರಾಬಾದಿನಲ್ಲಿ ಪ್ಲಾಟುಗಳಿಗೆಲ್ಲ ಗಜ. ಏಜೆಂಟರು "ಟೂ ಹಂಡ್ರೆಡ್ ಗಜಾಲು ಮೇಡಂ" ಎನ್ನುತ್ತಾರೆ. ಮೈಸೂರಿನ ಅಮ್ಮನಿಗೆ ಫೋನಿನಲ್ಲಿ ಅದನ್ನೇ ಹೇಳಿದೆ. "ಇನ್ನೂರು ಗಜಾನಾ? ನಮ್ಮ ಜಂಬೂಸವಾರಿಗೇ ಇಷ್ಟು ಬರಲ್ವಲ್ಲೇ" ಎಂದರು. ಮೂವತ್ತು ನಲವತ್ತನ್ನು ಗಜಕ್ಕೆ ಇಳಿಸಿದರೆ ನೂರ ಮೂವತ್ತಮೂರು ಚಿಲ್ಲರೆ ಬರುತ್ತದೆ. ಚಿಲ್ಲರೆಯ ಜಾಗದಲ್ಲಿ ತುಳಸಿಕಟ್ಟೆ ಇಡಬಹುದು. ಮಾವನವರದು ಇವೆರಡೂ ಅಲ್ಲ, ಗುಂಟೆ. ಒಂದು ಗುಂಟೆಗೆ 121 ಗಜ ಎಂಬುದು ಅವರಿಗೆ ಬಾಯಿಪಾಠ. ನೂರೈವತ್ತು ಗಜದ ಮನೆಯೊಂದನ್ನು ಏಜೆಂಟ್ ಬಹಳ ಹೆಮ್ಮೆಯಿಂದ ತೋರಿಸಿದಾಗ ಕೋಲೂರಿ ಸುತ್ತ ನೋಡಿ, "ಅಂದ್ರ ಒಂದೂಕಾಲ ಗುಂಟಿ. ನಮ್ಮ ಕಣ ಇದಕ್ಕಿಂತ ದೊಡ್ಡದದ. ರಾಶಿ ಎಲ್ಲಿ ಮಾಡ್ತಿ?" ಎಂದು ಕೇಳಿದರು. ಆ ಹುಡುಗ, ಪಾಪ, "ಪಾರ್ಕಿಂಗ್‌ನಲ್ಲಿ ಮಾಡಬಹುದು ಸರ್" ಎಂದುಬಿಟ್ಟ.

ಎಕರೆಯ ಲೆಕ್ಕ ಮಾತ್ರ ನಮ್ಮೆಲ್ಲರಿಗೂ ಒಂದೇ. 2023ರ ಆಗಸ್ಟಿನಲ್ಲಿ ಕೋಕಾಪೇಟೆಯ ಸರ್ಕಾರಿ ಹರಾಜಿನಲ್ಲಿ ಒಂದು ಎಕರೆ ನೂರು ಕೋಟಿ ದಾಟಿತು ಎಂದು ಪತ್ರಿಕೆಯಲ್ಲಿ ಬಂದ ದಿನ ಮಾವ ಚಹಾ ಕುಡಿಯುವುದನ್ನೇ ಮರೆತರು. ಬೆರಳು ಮಡಚಿ ಲೆಕ್ಕ ಹಾಕಿ, "ಗಜಕ್ಕ ಎರಡು ಲಕ್ಷದ ಮ್ಯಾಲ ಬೀಳ್ತದ. ಅಷ್ಟು ಕೊಟ್ಟು ಅದರಾಗ ಏನ್ ಬೆಳಿತಾರ?" ಎಂದರು. ಏನೂ ಬೆಳೆಯುವುದಿಲ್ಲ ಅಪ್ಪಾ, ನಲವತ್ತು ಅಂತಸ್ತಿನ ಟವರ್ ಎಬ್ಬಿಸುತ್ತಾರೆ ಎಂದರು ನಮ್ಮವರು. ಮಾವನಿಗೆ ಸಮಾಧಾನವಾಗಲಿಲ್ಲ. "ತೊಗರಿ ಹಾಕಿದ್ರ ಕಡೀಗಿ ಬ್ಯಾಳಿಯಾದ್ರೂ ಬರ್ತಿತ್ತು."

ಮಗಳಿಗೆ ಬೇಕಾಗಿದ್ದು ಅಂಥದೇ ಟವರು. ಒಂದು ದಿನ ನರಸಿಂಗಿ ಕಡೆಯ ಗೇಟೆಡ್ ಕಮ್ಯುನಿಟಿಯ ಮಾಡೆಲ್ ಫ್ಲ್ಯಾಟಿಗೆ ಹೋದೆವು. ಗೇಟಿನಲ್ಲೇ ನಮ್ಮ ಫೋಟೋ ತೆಗೆದರು, ಫೋನಿಗೆ ಬಂದ ನಂಬರು ಕೇಳಿದರು. ಕ್ಲಬ್‌ಹೌಸು, ಈಜುಕೊಳ, ಸ್ಕ್ವಾಷ್ ಕೋರ್ಟು, ಎಲ್ಲ ನೋಡಿ ಆಯಿತು. ಸೇಲ್ಸ್ ಹುಡುಗಿ ಉಪ್ಪು ಹುಳಿ ಖಾರದ ಪುಡಿಗಳನ್ನು ಹಾಕುವ ಹಾಗೆ ಒಂದೊಂದಾಗಿ ಸೇರಿಸುತ್ತಾ ಹೋದಳು: ಫ್ಲೋರ್ ರೈಸು, ಈಸ್ಟ್ ಫೇಸಿಂಗ್ ಚಾರ್ಜು, ಕಾರ್ನರ್ ಚಾರ್ಜು, ಕ್ಲಬ್‌ಹೌಸು, ಕಾರ್ಪಸ್ ಫಂಡು, ಎರಡು ವರ್ಷದ ಮೇಂಟೆನೆನ್ಸು ಮುಂಗಡ. ಮೇಲೇರಿದಷ್ಟೂ ಚದರಡಿಗೆ ದರ ಏರುತ್ತದಂತೆ. ಮಾವನಿಗೆ ಇದು ಅರ್ಥವೇ ಆಗಲಿಲ್ಲ. ಬಾವಿಯಿಂದ ದೂರ ಹೋದಷ್ಟೂ ಹೊಲದ ಬೆಲೆ ಇಳಿಯಬೇಕಲ್ಲವೇ? ಇಪ್ಪತ್ತೆಂಟನೆಯ ಮಹಡಿಯ ಬಾಲ್ಕನಿಯಲ್ಲಿ ನಿಂತು ಕೆಳಗೆ ನೋಡಿದರು. "ಯಾರಾದ್ರೂ ಬಂದ್ರಂದ್ರ ಹ್ಯಾಂಗ್ ಗೊತ್ತಾಗ್ತದ?" ಎಂದು ಕೇಳಿದರು. ಇಂಟರ್‌ಕಾಮ್ ಇದೆ ಎಂದಳು ಹುಡುಗಿ. "ಬಂದವರದಲ್ಲ, ಹಾದು ಹೋಗೋರದು" ಎಂದರು ಮಾವ. ಅದಕ್ಕೆ ಅವಳ ಪಟ್ಟಿಯಲ್ಲಿ ಚಾರ್ಜು ಇರಲಿಲ್ಲ.

ಈಸ್ಟ್ ಫೇಸಿಂಗಿನ ಬಗ್ಗೆಯೂ ಒಂದು ಮಾತು. ಮೈಸೂರಿನಲ್ಲೂ ನಾವು ವಾಸ್ತು ನೋಡುತ್ತೇವೆ. ಇಲ್ಲಿ ವಾಸ್ತುವೇ ಮನೆ ನೋಡಿ, ಇಷ್ಟವಾದರೆ ಆಮೇಲೆ ಜನರನ್ನು ಕರೆಯುತ್ತದೆ. ಕೇಳಿದ ಮನೆಗಳೆಲ್ಲ ಪೂರ್ವಕ್ಕೇ ಮುಖ ಮಾಡಿದ್ದರೆ ಈ ಊರಿನ ರಸ್ತೆಗಳ ಪಶ್ಚಿಮದಂಚಿನಲ್ಲಿ ಮಾತ್ರ ಮನೆಗಳಿರಬೇಕಿತ್ತು. ನಮ್ಮವರು ಫೋನಿನ ದಿಕ್ಸೂಚಿ ಹಿಡಿದು ಲಿಫ್ಟಿನ ಮುಂದೆ ಗಿರಗಿರನೆ ತಿರುಗುವುದನ್ನು ನೋಡಿ ವಾಚ್‌ಮನ್ ಒಮ್ಮೆ ನೀರು ತಂದುಕೊಟ್ಟ.

ಇಷ್ಟಾದರೂ ನಿಜವಾದ ದಿಕ್ಕಿನ ಜಗಳ ಬಾಗಿಲಿನದಲ್ಲ. ಒಂದು ರಾತ್ರಿ ಯಜಮಾನರು ಊರಿನ ನಕ್ಷೆ ಹರಡಿ ಪ್ರತಿಯೊಬ್ಬರಿಗೂ ಬೇಕಾದ ಜಾಗಕ್ಕೆ ಸುತ್ತು ಹಾಕಿದರು. ಆಗ ಗೊತ್ತಾಯಿತು: ನಾವು ಹುಡುಕುತ್ತಿದ್ದದ್ದು ಹೈದರಾಬಾದಿನಲ್ಲಿ ಇರುವ ಜಾಗವನ್ನಲ್ಲ, ಹೈದರಾಬಾದಿನಿಂದ ಹೊರಡುವ ಜಾಗವನ್ನು.

ನನ್ನ ಸುತ್ತು ಕಾಚಿಗುಡ. ಮೈಸೂರು ರೈಲು ಹೊರಡುವುದು ಅಲ್ಲಿಂದ. 2023ರಿಂದ ಯಶವಂತಪುರಕ್ಕೆ ವಂದೇ ಭಾರತ್ ಕೂಡ. ಸಾಹಿತ್ಯ ಮಂದಿರ ಅಲ್ಲೇ, ನೃಪತುಂಗ ಶಾಲೆ ಅಲ್ಲೇ, ನಡೆದು ಹೋದರೆ ಬರ್ಕತ್‌ಪುರದ ರಾಯರ ಮಠ. ಬಜಾರಿನಲ್ಲಿ ಕನ್ನಡ ಮಾತಾಡಿದರೆ ತಿರುಗಿ ನೋಡುವವರ ಬದಲು ತಿರುಗಿ ಮಾತಾಡುವವರು ಸಿಗುತ್ತಾರೆ. ಯಜಮಾನರ ಆಫೀಸು ಮಾತ್ರ ಊರಿನ ಇನ್ನೊಂದು ತುದಿ ರಾಯದುರ್ಗದಲ್ಲಿ. "ಮೆಟ್ರೋ ಇದೆಯಲ್ಲಾ, ಪರೇಡ್ ಗ್ರೌಂಡ್‌ನಲ್ಲಿ ಬದಲಿಸಿದರೆ ಆಯ್ತು" ಎಂದೆ. "ನೀನು ವರ್ಷಕ್ಕೆ ಎರಡು ಸಲ ರೈಲು ಹತ್ತೋದಕ್ಕೆ ನಾನು ದಿನಕ್ಕೆ ನಾಲ್ಕು ಸಲ ಹತ್ತಬೇಕಾ?" ಎಂದರು. ಲೆಕ್ಕ ಸರಿಯಾಗಿತ್ತು. ಅದಕ್ಕೇ ಕೋಪ ಬಂತು.

ಮಾವನ ಸುತ್ತು ಪಶ್ಚಿಮಕ್ಕೆ, ಚಂದಾನಗರ, ಬಿಎಚ್‌ಇಎಲ್ ಆಸುಪಾಸು. ಇಮ್ಲಿಬನ್ ಬಸ್ ನಿಲ್ದಾಣದಿಂದ ಹೊರಟ ಬೀದರ್ ಬಸ್ಸು ಪಟಾನ್‌ಚೆರು ಮುಟ್ಟುವ ಮೊದಲು ಅಲ್ಲಿ ಹಾಯುತ್ತದೆ. ಇನ್ನೊಂದು ಕಾರಣ ನೀರು. ಆ ಕಡೆಯ ನಲ್ಲಿಗಳಲ್ಲಿ ಬರುವುದು ಮಂಜೀರಾ. ಮನೆ ಮಾರುವವರು "ಮಂಜೀರಾ ಕನೆಕ್ಷನ್ ಉಂದಿ" ಎಂದು ಒತ್ತಿ ಹೇಳುತ್ತಾರೆ, ಬೋರು ಎಷ್ಟೇ ಇರಲಿ ಅದಕ್ಕೊಂದು ತೂಕ. ಮಾವನಿಗೆ ಅದು ಕನೆಕ್ಷನ್ ಅಲ್ಲ, ನೆಂಟಸ್ತಿಕೆ. "ನಮ್ಮೂರ ದಾಟಿ ಬಂದ ನೀರ ಅದು. ನಾ ಚಿಕ್ಕವ ಇದ್ದಾಗ ಈಸು ಬಿದ್ದ ಹೊಳಿ. ಈ ವಯಸ್ಸಿನಾಗ ನಾ ಹೊಳಿಗಿ ಹೋಗೋದ ಆಗಲ್ಲ, ಹೊಳಿನೇ ನಲ್ಲ್ಯಾಗ ಬರ್ತದಂದ್ರ ಬ್ಯಾಡ ಅಂತಿಯೇನ?" ಇದಕ್ಕೆ ಯಾವ ಸೊಸೆ ಏನು ಹೇಳಲು ಸಾಧ್ಯ? ನನ್ನ ಕಾವೇರಿ ಇಲ್ಲಿಗೆ ಬರುವ ಹಾಗಿಲ್ಲ.

ಕಾವೇರಿ ಬರದಿದ್ದರೇನು, ವಿಶ್ವೇಶ್ವರಯ್ಯನವರು ಬಂದಿದ್ದರಲ್ಲ! 1908ರಲ್ಲಿ ಮೂಸಿ ನದಿ ಉಕ್ಕಿ ಊರು ಕೊಚ್ಚಿಹೋದ ಮೇಲೆ ನಿಜಾಮರ ಸರ್ಕಾರ ಕರೆಸಿದ್ದು ಅವರನ್ನೇ. ಅವರ ಯೋಜನೆಯಿಂದಲೇ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಆದದ್ದು. ಉಸ್ಮಾನ್ ಸಾಗರವನ್ನೇ ಜನ ಗಂಡಿಪೇಟೆ ಎನ್ನುವುದು. ಗಂಡಿಪೇಟೆ ನೀರು ಕುಡಿದವರು ಹೈದರಾಬಾದ್ ಬಿಟ್ಟು ಹೋಗುವುದಿಲ್ಲ ಎಂದು ಹಳಬರ ಮಾತು. ಅಂದರೆ ನಮ್ಮನ್ನು ಇಲ್ಲಿ ಕಟ್ಟಿಹಾಕಿದ ನೀರಿಗೆ ಕಟ್ಟೆ ಹಾಕಿದವರೂ ನಮ್ಮವರೇ. ಹೀಗಾಗಿ ಗಂಡಿಪೇಟೆಯ ಕಡೆಯೂ ನೋಡಬಹುದು ಎಂದು ನಾನು ಜಂಭದಿಂದ ಹೇಳಿದೆ. ಅದೇ ನನ್ನ ಕುತ್ತಿಗೆಗೆ ಬಂತು.

ಆ ಎರಡು ಕೆರೆಗಳ ಸುತ್ತ ಹತ್ತು ಕಿಲೋಮೀಟರ್, 84 ಹಳ್ಳಿಗಳಲ್ಲಿ ದೊಡ್ಡ ಕಟ್ಟಡ ಬಡಾವಣೆ ಕೂಡದು ಎಂದು 1996ರಲ್ಲಿ ಒಂದು ಸರ್ಕಾರಿ ಆದೇಶ ಬಂದಿತ್ತು. ಅದರ ನಂಬರು 111. ಹೈದರಾಬಾದಿನಲ್ಲಿ ಜಾಗ ನೋಡಿದವರು ಮಕ್ಕಳ ಹುಟ್ಟುಹಬ್ಬ ಮರೆತರೂ ಇದನ್ನು ಮರೆಯುವುದಿಲ್ಲ. 2022ರಲ್ಲಿ ಅದನ್ನು ತೆಗೆದರು ಎಂಬ ಸುದ್ದಿ ಬಂದದ್ದೇ, ಏಜೆಂಟರ ಫೋನುಗಳು ಹಬ್ಬದ ಪಟಾಕಿ ಸರದ ಹಾಗೆ ಹತ್ತಿಕೊಂಡವು. ನಮಗೂ ಒಂದು ಕಿಡಿ ಬಿತ್ತು. ಶಂಕರಪಲ್ಲಿ ರಸ್ತೆಯ ಒಂದು ವೆಂಚರು. ಇಲ್ಲಿ ಬಡಾವಣೆಗೆ ವೆಂಚರ್ ಅನ್ನುತ್ತಾರೆ. ಸಾಹಸ ಯಾರದು ಎಂದು ಕೊಳ್ಳುವವನಿಗೆ ಆಮೇಲೆ ತಿಳಿಯುತ್ತದೆ. ಅದಕ್ಕಿಂತ ಮುಂಚೆ ಇನ್ನೊಂದು ವೆಂಚರಿನ ಕಥೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮರೆತೇನು.

ಯಾವುದೋ ಕಂಪನಿಯವರು ಮನೆಗೇ ಕಾರು ಕಳಿಸಿ, ಸೈಟ್ ವಿಸಿಟ್, ಮಧ್ಯಾಹ್ನ ಬಿರಿಯಾನಿ ಉಚಿತ ಎಂದರು. "ಹೈದರಾಬಾದ್ ವೆಸ್ಟ್" ಎಂದು ಕಾಗದದಲ್ಲಿ ಅಚ್ಚಾಗಿತ್ತು. ನಮ್ಮ ಮಾವನೂ ಹತ್ತಿದರು. ಮುಂಬಯಿ ಹೆದ್ದಾರಿ ಹಿಡಿದ ಕಾರು ಪಟಾನ್‌ಚೆರು ದಾಟಿತು. 158 ಕಿಲೋಮೀಟರಿನ ಔಟರ್ ರಿಂಗ್ ರೋಡು ಹಿಂದೆ ಬಿತ್ತು. ಸಂಗಾರೆಡ್ಡಿ ದಾಟಿತು, ಸದಾಶಿವಪೇಟೆ ದಾಟಿತು. "ಇನ್ನು ಹತ್ತೇ ನಿಮಿಷ ಸರ್" ಎಂದು ಹುಡುಗ ಪ್ರತಿ ಹದಿನೈದು ನಿಮಿಷಕ್ಕೊಮ್ಮೆ ಹೇಳುತ್ತಿದ್ದ. ಬರಲಿರುವ ಟ್ರಿಪಲ್ ಆರ್ ಎಂಬ ಇನ್ನೊಂದು ರಿಂಗ್ ರೋಡು, ಜಹೀರಾಬಾದಿಗೆ ಬರಲಿರುವ ಕೈಗಾರಿಕಾ ವಲಯ, ಎಲ್ಲವೂ ಬರಲಿರುವುದೇ. ಬಂದದ್ದು ನಾವು ಮಾತ್ರ. ಮಾವ ಕಿಟಕಿಯಾಚೆ ನೋಡುತ್ತಾ ದಾರಿಯುದ್ದಕ್ಕೂ ಸುಮ್ಮನಿದ್ದರು. ಜಹೀರಾಬಾದಿನ ಹತ್ತಿರ ಕಾರು ನಿಂತಾಗ ಇಳಿಯಲಿಲ್ಲ. ಡ್ರೈವರಿನ ಹೆಗಲ ಮೇಲೆ ಕೈಯಿಟ್ಟು ದಖನಿಯಲ್ಲಿ ಬಹಳ ಪ್ರೀತಿಯಿಂದ ಏನೋ ಹೇಳಿದರು. ಆಮೇಲೆ ನನಗೆ ಕನ್ನಡದಲ್ಲಿ: "ಇನ್ನ ಮುಕ್ಕಾಲ ತಾಸಿನಾಗ ಬೀದರ್ ಅದ ಯವ್ವಾ. ಇಷ್ಟು ದೂರ ಕರ್ಕೊಂಡ ಬಂದಾರ, ಪುಣ್ಯವಂತರು. ಊರಿಗಿ ಬಿಟ್ಟೇ ಹೋಗ್ರಿ ಅಂತ ಹೇಳೀನಿ." ಆ ಸೇಲ್ಸ್ ಹುಡುಗನ ಮುಖ ನೋಡಬೇಕಿತ್ತು. ಕೊನೆಗೆ ಬೀದರಿನ ಬಸ್ಸಿಗೆ ಅವರನ್ನು ಹತ್ತಿಸಿಯೇ ನಾವು ಪ್ಲಾಟು ನೋಡಲು ಹೋದದ್ದು. ಮಾವ ಊರಿನಲ್ಲಿ ಹದಿನೈದು ದಿನ ಇದ್ದು ಬಂದರು. ಎರಡು ವರ್ಷದ ಮನೆ ಹುಡುಕಾಟದಲ್ಲಿ ಗಿಟ್ಟಿದ ಲಾಭ ಎಂದರೆ ಅದೊಂದೇ.

ಈಗ ಶಂಕರಪಲ್ಲಿ ರಸ್ತೆಗೆ ಬರೋಣ. ಪ್ಲಾಟು ಚೆನ್ನಾಗಿತ್ತು. ಸುಳ್ಳು ಹೇಳುವುದಿಲ್ಲ, ನನಗೆ ತುಂಬಾ ಹಿಡಿಸಿತ್ತು. ತಂಗಾಳಿ, ಹುಲ್ಲು, ದೂರದಲ್ಲಿ ಬಂಡೆಗಳು. ಮನಸ್ಸಿನಲ್ಲೇ ಮಲ್ಲಿಗೆ ಬಳ್ಳಿ ಹಬ್ಬಿಸಿ ಆಗಿತ್ತು. ಏಜೆಂಟ್ ಒಂದು ದಪ್ಪ ಫೈಲು ಮುಂದಿಟ್ಟ. ಇಸಿ, ಲಿಂಕ್ ಡಾಕ್ಯುಮೆಂಟುಗಳು, ಪಹಣಿ. ತಳದಲ್ಲಿ ಹಲವು ಸಲ ಜೆರಾಕ್ಸಿನ ಜೆರಾಕ್ಸಾಗಿ ಬೂದಿ ಬಣ್ಣಕ್ಕೆ ತಿರುಗಿದ ಒಂದು ಹಾಳೆ, ಉರ್ದು ಲಿಪಿಯಲ್ಲಿ. "ಇದು ನಿಜಾಮ್ ಕಾಲದ್ದು ಸರ್. ಸೇತ್ವಾರ್. ಕ್ಲಿಯರ್ ಟೈಟಲ್" ಎಂದ. ಅದನ್ನು ತೋರಿಸುವ ರೀತಿ ಕುಂಕುಮಾರ್ಚನೆ ಮಾಡಿದ ಪಟ ತೋರಿಸಿದ ಹಾಗಿತ್ತು. ಓದಲು ಬರುವವರು ಯಾರೂ ಇಲ್ಲ ಎಂಬುದೇ ಅದರ ಮಹಿಮೆ.

ಮಾವ ಅಂಗಿಯ ಜೇಬಿನಿಂದ ಕನ್ನಡಕ ತೆಗೆದರು. ಒರೆಸಿದರು. ಹಾಳೆಯನ್ನು ಬೆಳಕಿಗೆ ಹಿಡಿದು ಬಲದಿಂದ ಎಡಕ್ಕೆ ಬೆರಳು ಸರಿಸತೊಡಗಿದರು. ಏಜೆಂಟ್ ನಗುತ್ತಲೇ ಇದ್ದ. ಅಜ್ಜ ಅಕ್ಷರ ಸವರುತ್ತಿದ್ದಾನೆ ಅಂದುಕೊಂಡಿರಬೇಕು. ಮಾವನ ಬೆರಳು ಒಂದು ಕಡೆ ನಿಂತಿತು.

"ಶಿಕಮ್ ತಾಲಾಬ್," ಎಂದು ಓದಿದರು.

"ಅದು ಊರಿನ ಹೆಸರು ಸರ್," ಎಂದ ಏಜೆಂಟ್.

"ಊರಲ್ಲೋ ತಮ್ಮಾ. ತಾಲಾಬ್ ಅಂದ್ರ ಕೆರಿ. ಶಿಕಮ್ ಅಂದ್ರ ಹೊಟ್ಟಿ. ಇದು ಕೆರಿ ಹೊಟ್ಟಿ." ಕನ್ನಡಕದ ಮೇಲಿನಿಂದ ನನ್ನ ಮಲ್ಲಿಗೆ ಬಳ್ಳಿಯ ಕಡೆ ನೋಡಿದರು. "ಇಲ್ಲಿ ಮನಿ ಕಟ್ಟಿದ್ರ, ಮಳಿ ಬಂದಾಗ ಕೆರಿ ತನ್ನ ಹೊಟ್ಟಿ ತುಂಬಿಸ್ಕೋತದ."

ಅದು 2024ರ ಮಳೆಗಾಲ. ಹೈಡ್ರಾ ಎಂಬ ಹೊಸ ಸಂಸ್ಥೆ ಆಗತಾನೇ ಹುಟ್ಟಿ, ಕೆರೆಯಂಗಳದ ಕಟ್ಟಡಗಳ ಮೇಲೆ ಜೆಸಿಬಿ ನುಗ್ಗಿಸುತ್ತಿದ್ದ ಕಾಲ. ಎಫ್‌ಟಿಎಲ್, ಬಫರ್ ಝೋನ್ ಎಂಬ ಕೆರೆ ಗಡಿಯ ಮಾತುಗಳು ತರಕಾರಿ ಗಾಡಿಯವನ ಬಾಯಲ್ಲೂ ಇದ್ದವು. 2020ರ ಅಕ್ಟೋಬರಿನ ಪ್ರವಾಹದಲ್ಲಿ ಕಾಲೋನಿಗಳಲ್ಲಿ ದೋಣಿ ಹಾಕಿದ್ದನ್ನು ನಾವೂ ಟಿವಿಯಲ್ಲಿ ನೋಡಿದ್ದೆವು. ಏಜೆಂಟ್ ಫೈಲು ಮಡಚಿ, "ಪರ್ಸೋಂ ಒರಿಜಿನಲ್ ತರ್ತೀನಿ" ಎಂದ. ಹೈದರಾಬಾದಿನ ಪರ್ಸೋಂ ನಾಡಿದ್ದೂ ಹೌದು, ಮೊನ್ನೆಯೂ ಹೌದು, ಅಕ್ಬರನ ಕಾಲವೂ ಹೌದು. ಒಂದು ವರ್ಷದ ಮೇಲಾಯಿತು, ಅವನ ಪರ್ಸೋಂ ಇನ್ನೂ ಬಂದಿಲ್ಲ.

ಈ ಸುದ್ದಿ ಹೇಗೋ ಯಜಮಾನರ ಆಫೀಸಿಗೆ ತಲುಪಿತು. ಅಲ್ಲಿಂದ ನಮ್ಮ ಮನೆಯಲ್ಲಿ ಭಾನುವಾರದ ದರ್ಬಾರು ಶುರು. ಗುಂಟೂರಿನವರು, ಒಡಿಶಾದವರು, ಒಬ್ಬ ತಮಿಳು ಮೇಡಂ, ಎಲ್ಲರ ಕೈಯಲ್ಲೂ ಉರ್ದುವಿನ ಬೂದಿ ಜೆರಾಕ್ಸು. ಬಾಲ್ಯದಲ್ಲಿ ಮೇಷ್ಟರ ಬೆತ್ತದೇಟು ತಿಂದು ಕಲಿತು, ಎಪ್ಪತ್ತೈದು ವರ್ಷ ಯಾರಿಗೂ ಬೇಡವಾಗಿದ್ದ ವಿದ್ಯೆಗೆ ಈಗ ಕ್ಯೂ. ಮಾವನ ಫೀಸು ಒಂದು ಚಹಾ, ಎರಡು ಉಸ್ಮಾನಿಯಾ ಬಿಸ್ಕತ್ತು, ಅದೂ ನನ್ನ ಅಡುಗೆಮನೆಯಿಂದ. ಆದರೂ ಅವರ ಬೆನ್ನು ಎಷ್ಟು ನೆಟ್ಟಗಾಗಿತ್ತೆಂದರೆ, ಮನೆ ಸಿಗುವುದು ಇನ್ನೂ ನಾಲ್ಕು ತಿಂಗಳು ತಡವಾಗಲಿ ಎಂದು ನಾನೇ ಅಂದುಕೊಂಡದ್ದುಂಟು.

ಸಿಕ್ಕಿದ್ದು ಚಂದಾನಗರದಲ್ಲಿ. ಹನ್ನೊಂದು ವರ್ಷ ಹಳೆಯ ರೀಸೇಲ್ ಫ್ಲ್ಯಾಟು, ಇಲ್ಲಿಯವರ ಮಾತಿನಲ್ಲಿ ಸ್ಟ್ಯಾಂಡ್ ಅಲೋನ್, ಐದು ಅಂತಸ್ತು. ಪಶ್ಚಿಮದ ಬಾಗಿಲು, ಹಾಗಾಗಿ ಎರಡು ವರ್ಷದಿಂದ ಯಾರೂ ಕೊಂಡಿರಲಿಲ್ಲ, ಹಾಗಾಗಿಯೇ ನಮ್ಮ ಕೈಗೆ ಎಟುಕಿತು. ಕ್ಲಬ್‌ಹೌಸಿಲ್ಲ, ಮಗಳು ಎರಡು ದಿನ ಮುನಿಸಿಕೊಂಡು, ಮೂರನೆಯ ದಿನ "ವೈಫೈ ಉಂಟೆ ಚಾಲಮ್ಮಾ" ಎಂದಳು. ಮೊದಲ ಮಹಡಿಯ ಬಾಲ್ಕನಿ ನೇರ ಬೀದಿಗೆ. ಹಾದು ಹೋಗುವವರೆಲ್ಲ ಕಾಣುತ್ತಾರೆ, ಮಾತಾಡಿಸಿದರೆ ಕೇಳಿಸುತ್ತದೆ. ನಲ್ಲಿಯಲ್ಲಿ ಮಂಜೀರಾ.

ನನಗೆ ಏನು ಸಿಕ್ಕಿತು ಎಂದು ಕೇಳಬೇಕಲ್ಲ? ಕೇಳಿದೆ. ಯಜಮಾನರು ಆ ದಿನಕ್ಕೆಂದೇ ಬಚ್ಚಿಟ್ಟುಕೊಂಡಿದ್ದ ತುರುಪು ಎಸೆದರು. ಚಂದಾನಗರದಲ್ಲಿ ಎಂಎಂಟಿಎಸ್ ಲೋಕಲ್ ನಿಲ್ಲುತ್ತದೆ. ಲಿಂಗಂಪಲ್ಲಿಯಿಂದ ಫಲಕ್‌ನುಮಾಕ್ಕೆ ಹೋಗುವ ಲೋಕಲ್ ಹತ್ತಿದರೆ ಸಿಕಂದರಾಬಾದಿನ ಮೇಲೆ ಹಾಯ್ದು, ಇಳಿದು ಬದಲಿಸದೆ, ನೇರ ಕಾಚಿಗುಡ. "ಮೈಸೂರು ರೈಲಿಗೆ ನಮ್ಮ ಮನೆಯಿಂದಲೇ ರೈಲು ಕಣೇ" ಎಂದರು. ಎಂಎಂಟಿಎಸ್ ಶುರುವಾದದ್ದು 2003ರ ಆಗಸ್ಟಿನಲ್ಲಿ, ನಾನು ಈ ಊರಿಗೆ ಬಂದ ವರ್ಷವೇ. ಇಪ್ಪತ್ತೊಂದು ವರ್ಷ ಅದು ಓಡುತ್ತಿದ್ದರೂ ಇದು ನನಗೆ ಹೊಳೆದಿರಲಿಲ್ಲ ಎಂಬ ಸಿಟ್ಟಿಗೆ ಇನ್ನೊಂದು ವಾರ ಒಪ್ಪಿಗೆ ಕೊಡಲಿಲ್ಲ.

ರಿಜಿಸ್ಟ್ರೇಷನ್ ದಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾವ ಸಾಕ್ಷಿಗೆ ನಿಂತರು. ಪತ್ರ ಇಂಗ್ಲಿಷಿನಲ್ಲಿ, ಕಚೇರಿಯ ಮಾತು ತೆಲುಗಿನಲ್ಲಿ. ಯಜಮಾನರು ಇಂಗ್ಲಿಷಿನಲ್ಲಿ ಸಹಿ ಮಾಡಿದರು. ನಾನು ಕನ್ನಡದಲ್ಲಿ ಮಾಡಿದೆ. ಮಾವ ಪೆನ್ನು ಹಿಡಿದು ಹಾಳೆಯ ಬಲತುದಿಯಿಂದ ಉರ್ದುವಿನಲ್ಲಿ ಎಳೆದರು. ಗುಮಾಸ್ತ ಒಂದು ಕ್ಷಣ ಹಾಳೆಯನ್ನೂ ನಮ್ಮನ್ನೂ ನೋಡಿ, "ಮೀರಂದರೂ ಒಕೇ ಫ್ಯಾಮಿಲೀನಾ?" ಎಂದು ಕೇಳಿದ. ಎಲ್ಲರೂ ಒಂದೇ ಮನೆಯವರಾ ಅಂತ. ಅದನ್ನೇ ಈಗ ರಿಜಿಸ್ಟರ್ ಮಾಡಿಸುತ್ತಿರುವುದು ಎಂದೆ.

ಗೃಹಪ್ರವೇಶಕ್ಕೆ ಹಸು ಸೆಲ್ಲಾರಿನವರೆಗೆ ಬಂತು, ಲಿಫ್ಟಿಗೆ ಒಪ್ಪಲಿಲ್ಲ. ಹಾಲು ಉಕ್ಕಿತು. ಬೀದರಿನ ಕಡೆಯ ನೆಂಟರು ಬಸ್ಸಿನಿಂದ ಇಳಿದು ಐದು ನಿಮಿಷಕ್ಕೆ ಮನೆಯಲ್ಲಿದ್ದರು. ಮೈಸೂರಿನಿಂದ ಅಮ್ಮ ಕಾಚಿಗುಡಕ್ಕೆ ಬಂದು, ಲೋಕಲಿನಲ್ಲಿ ಕೂತು, ಮಧ್ಯಾಹ್ನಕ್ಕೆ ಮುಟ್ಟಿದರು. "ಎಷ್ಟು ಚದರ?" ಎಂದು ಕೇಳಿದವರಿಗೆ ಯಜಮಾನರು ಗಜದಲ್ಲಿ ಹೇಳಿದರು. ಮಾವ ಅದನ್ನು ಗುಂಟೆಗೆ ತಿರುಗಿಸಿ ನಕ್ಕರು.

ಸಂಜೆ, ಎಲ್ಲ ಗದ್ದಲ ಇಳಿದ ಮೇಲೆ, ಎದುರು ಫ್ಲ್ಯಾಟಿನಾಕೆ ಬಂದರು. ಕೈಯಲ್ಲಿ ಬಟ್ಟಲು. ನಾನು ಅಡುಗೆಮನೆಯಲ್ಲಿ ಪಾತ್ರೆಗಳ ನಡುವೆ ಸಿಕ್ಕಿಹಾಕಿಕೊಂಡಿದ್ದೆ. ಬಾಗಿಲ ಬಳಿ ಕುರ್ಚಿ ಹಾಕಿ ಕೂತಿದ್ದವರು ಮಾವ. ಈಚೆಗೆ ಅವರಿಗೆ ಕಿವಿ ಸ್ವಲ್ಪ ಮಂದ.

"ಮೀದಿ ಸೊಂತ ಇಲ್ಲೇನಾ ಅಂಡಿ?" ಎಂದರು ಆಕೆ.

ನನ್ನ ಎದೆ ಧಸಕ್ಕೆಂದಿತು. ಕೈ ಒರೆಸಿಕೊಂಡು ಹೊರಗೆ ಓಡಿ ಬರುವಷ್ಟರಲ್ಲಿ ಮಾವ ಕೋಲಿನಿಂದ ನೆಲದ ಟೈಲ್ಸನ್ನು ಎರಡು ಸಲ ಕುಟ್ಟಿ ಉತ್ತರ ಕೊಟ್ಟಾಗಿತ್ತು.

"ಇಲ್ಲೇ."

ಅವರಿಗೆ ಕೇಳಿಸಿದ್ದು "ನಿಮ್ಮ ಸ್ವಂತದ ಊರು ಎಲ್ಲಿ" ಎಂದಂತೆ. ಆಕೆಗೆ ಕೇಳಿಸಿದ್ದು "ಹೌದು, ಮನೆಯೇ" ಎಂದು. ಇಬ್ಬರೂ ತೃಪ್ತಿಯಿಂದ ತಲೆಯಾಡಿಸಿದರು. ಬಟ್ಟಲಿನಲ್ಲಿ ಗೋಂಗೂರ ಪಚ್ಚಡಿ ಇತ್ತು.

ಭಾನುವಾರ ಬೆಳಿಗ್ಗೆ ಅಪಾರ್ಟ್‌ಮೆಂಟಿನ ಸೆಕ್ರೆಟರಿ ರಸೀದಿ ಪುಸ್ತಕ ಹಿಡಿದು ಬಂದರು. ಬೋರ್‌ವೆಲ್ ಮೋಟರು ಸುಟ್ಟಿದೆ, ಓನರುಗಳದು ತಲಾ ಆರು ಸಾವಿರ. ಯಜಮಾನರು ಅಭ್ಯಾಸಬಲದಿಂದ ಬೀರು ತೆಗೆದು ಬಾಡಿಗೆ ಕರಾರುಪತ್ರ ಹುಡುಕತೊಡಗಿದರು.